ಹಿತ್ತಲಿನ ತೊಟ್ಟಿಲಿನ ಕುರಿತು

ಇಂದ:
ಎಫಿಜೇನಿಯಾ ಲೀಮಾ,
ಮಿಂದೆಲೊ ಊರು, ಕೇಪ್ ವರ್ಡ್ ದ್ವೀಪಗಳು.
(ಹಾಲಿ ವಾಸ: ಮಗಳ ಮನೆ, ಡೊಕ್ಕುಮ್, ನೆದರ್‌ಲ್ಯಾಂಡ್ಸ್, ಬಾಣಂತನದ ನಿಮಿತ್ತ)

ಗೆ:
ಶ್ರೀಮತಿ ಆಲ್ಚೆ ಬೋನ್‌ಸ್ಟ್ರಾ,
ಅಳಿಯನ ತಾಯಿ ಹಾಗೂ ಹಿತ್ತಲಿನ ತೊಟ್ಟಿಲಿನ ಮೇಲ್ವಿಚಾರಕರು.

ವಿಷಯ: ಮೊಮ್ಮಗ ಯೆಲ್ಲೆಯನ್ನು ಜನವರಿಯ ಚಳಿಯಲ್ಲಿ ಮನೆಯ ಹೊರಗೆ ಮಲಗಿಸುತ್ತಿರುವ ಬಗ್ಗೆ.

ಉಲ್ಲೇಖ: ಸೋಮವಾರ ಬೆಳಗ್ಗೆ ಎಂಟಕ್ಕೆ, ಹಿತ್ತಲ ಬಾಗಿಲನ್ನು ತೆರೆದಿಟ್ಟುಕೊಂಡೇ ತಾವು ನೀಡಿದ ಮೌಖಿಕ ಆದೇಶ.

ಮಾನ್ಯ ಬೀಗಿತ್ತಿಯವರೇ,

೧. ಸದರಿ ಯೆಲ್ಲೆಗೆ ಈಗ ಎರಡು ತಿಂಗಳು. ಆ ಕಾರಣ ಅವನಿಗೆ ಸ್ವಂತ ಅಭಿಪ್ರಾಯ ಇರುವುದಿಲ್ಲವೆಂದು ನಂಬಿದ್ದೆನು. ತಾವು ದಿನವೂ ಸೈಕಲ್ ತುಳಿದು ಬಂದು, ಅವನನ್ನು ಉಣ್ಣೆಯಲ್ಲಿ ಸುತ್ತಿ, ಕಾಲ ಬಳಿ ಬಿಸಿನೀರಿನ ಶೀಸೆಯಿಟ್ಟು, ಹಿತ್ತಲಿನ ಮಾಡಿನ ಕೆಳಗಿರುವ ಮರದ ತೊಟ್ಟಿಲಿನಲ್ಲಿ ಮಲಗಿಸುತ್ತೀರಿ. ಆ ಹೊತ್ತಿಗೆ ಪಕ್ಕದ ಬಕೆಟ್ಟಿನ ನೀರು ಕಲ್ಲಾಗಿರುತ್ತದೆ.

೨. ಈ ಬಗ್ಗೆ ಆಕ್ಷೇಪಿಸಲಾಗಿ ತಾವು, “ಇವರಪ್ಪನೂ ಅಲ್ಲೇ ಮಲಗ್ತಿದ್ದ ಕಣ್ರೀ. ಈಗ ನೋಡಿ, ಬಾಗಿಲಿಗೆ ತಲೆ ತಗಲುತ್ತೆ,” ಎಂದಿರಿ. “ನಮ್ಮೂರಲ್ಲಿ ಹೀಗೆ ತಣ್ಣಗಿಡೋದು ಮೀನನ್ನ ಮಾತ್ರ,” ಎಂದು ನಾನು ಉತ್ತರಿಸಿರುತ್ತೇನೆ. ನಮ್ಮಿಬ್ಬರ ನಡುವೆ ಮಾತು ದಾಟಿಸುತ್ತಿದ್ದ ನನ್ನ ಮಗಳು ಜಾಂದಿರಾ, ಮೀನನ್ನು ನುಂಗಿಕೊಂಡು, ಅಮ್ಮನಿಗೆ ಬಹಳ ಸಂತೋಷವಂತೆ ಎಂದು ತಮಗೆ ತಿಳಿಸಿದ್ದು ಆಮೇಲೆ ಗೊತ್ತಾಯಿತು. ಆದ್ದರಿಂದ ತಾವು ಅಂದು ನನ್ನ ಬೆನ್ನು ತಟ್ಟಿದ್ದು ಅಸಿಂಧು.

೩. ಶುಕ್ರವಾರ ತಾವು ಬ್ರೆಡ್ ತರಲು ಹೋದ ಸಮಯ ಸಾಧಿಸಿ ಮಗುವನ್ನು ಒಳಕ್ಕೆ ಸಾಗಿಸಿದ್ದು ನಾನೇ. ತಾವು ಶಂಕಿಸಿದಂತೆ ಅಳಿಯ ತಂದು ನನ್ನ ಮಡಿಲಿಗೆ ಹಾಕಿದ್ದಲ್ಲ. ಹೀಟರ್ ಪಕ್ಕ ಕೂತು, ಶಾಲು ಹೊದಿಸಿ, ಮಡಿಲಲ್ಲಿಟ್ಟುಕೊಂಡು ಹಾಡಿದೆ. ಅವನು ಊರು ಒಂದಾಗುವಂತೆ ಅತ್ತನು. ನಾನು ಹಾಡು ಬದಲಿಸಿದೆ. ಅವನು ರಾಗ ಬದಲಿಸಲಿಲ್ಲ. ತಾವು ಬಂದು ಅವನನ್ನು ಮತ್ತೆ ಹೊರಗೆ ಮಲಗಿಸಿದಿರಿ. ಎರಡೇ ನಿಮಿಷದಲ್ಲಿ ನಿದ್ದೆ. ಕತ್ತಿನ ಹಿಂದೆ ಕೈಯಿಟ್ಟು ನೋಡಿದೆ, ಬೆಚ್ಚಗಿದ್ದ. ನನಗೆ ಹೊಟ್ಟೆಕಿಚ್ಚಾಯಿತು. ಚಳಿಯ ಮೇಲೆ ಹೊಟ್ಟೆಕಿಚ್ಚು ಪಟ್ಟ ಅಜ್ಜಿ ಬಹುಶಃ ನಾನೊಬ್ಬಳೇ ಇರಬೇಕು.

೪. ನಾನು ಹೊರಡಲು ಇನ್ನು ಆರು ಬೆಳಗುಗಳಿವೆ. ಸಂಜೆ ಅವನು ಅಪ್ಪನ ಕೈಯಲ್ಲಿ, ಕತ್ತಲಾದರೆ ಅಮ್ಮನ ಮಗ್ಗುಲಲ್ಲಿ. ನನ್ನ ಪಾಲಿಗಿರುವುದು ಬೆಳಗು ಮಾತ್ರ, ಅದೂ ಕಿಟಕಿಯ ಈಚೆಗೆ. ಮುಂದಿನ ಸಲ ನಾನು ಬರುವಷ್ಟರಲ್ಲಿ ಅವನು ಓಡಾಡುತ್ತಿರುತ್ತಾನೆ, ನನ್ನ ಗುರುತು ಅವನಿಗೆ ಇರುವುದಿಲ್ಲ. ಇದನ್ನು ಅರ್ಜಿಯ ಭಾಷೆಯಲ್ಲಿ ಹೇಳಲು ನನಗೆ ಬರುವುದಿಲ್ಲ.

ಆದ್ದರಿಂದ, ಮಗುವನ್ನು ಒಳಗೆ ತರಬೇಕೆಂಬ ನನ್ನ ಹಿಂದಿನ ಎಲ್ಲ ಕೋರಿಕೆಗಳನ್ನು ಈ ಮೂಲಕ ಹಿಂಪಡೆದು, ಮೇಲ್ಕಂಡ ಕಾರಣಗಳಿಗಾಗಿ ನನ್ನನ್ನೇ ಹೊರಗೆ ಹಾಕಬೇಕೆಂದು ಕೋರುತ್ತೇನೆ. ತೊಟ್ಟಿಲ ಪಕ್ಕ ಒಂದು ಕುರ್ಚಿ ಮತ್ತು ತಮ್ಮ ದಿವಂಗತ ಯಜಮಾನರ ಓವರ್‌ಕೋಟು ಆರು ಬೆಳಗುಗಳ ಮಟ್ಟಿಗೆ ಮಂಜೂರಾಗಲಿ.

ತಮ್ಮ ವಿಶ್ವಾಸಿ
(ಹಲ್ಲು ಕಟಕಟ ಎನ್ನುತ್ತಿರುವ ಸ್ಥಿತಿಯಲ್ಲಿ),
ಎಫಿಜೇನಿಯಾ ಲೀಮಾ

ಲಗತ್ತುಗಳು:
೧. ವಾಪಸು ಟಿಕೆಟ್ಟಿನ ನಕಲು.
೨. ಅಳಿಯನಿಂದ ಮಾಡಿಸಿದ ಅನುವಾದ (ಮಗಳ ಕಣ್ಣಿಗೆ ಬೀಳಕೂಡದು).
೩. ಕಾಲುಚೀಲ, ಮೂರು ಜೊತೆ. ಒಂದರ ಮೇಲೊಂದು ಧರಿಸಿರುವುದರಿಂದ ಲಗತ್ತಿಸಿರುವುದಿಲ್ಲ.

ವಿ.ಸೂ.: ನಾನು ನಡುಗುವುದನ್ನು ಅಡುಗೆಮನೆಯ ಕಿಟಕಿಯಿಂದ ನೋಡಿ ತಾವು ನಗುವುದಾದಲ್ಲಿ, ಇನ್ನೊಂದು ಕುರ್ಚಿ ತಂದು ನನ್ನ ಪಕ್ಕದಲ್ಲಿ ಕೂತು ನಗತಕ್ಕದ್ದೆಂದು ವಿನಂತಿ.