ಹಳೆ ಟೋಪಿ, ಹಾಳೆ ಟೊಪ್ಪಿ

ಹಳೆಯ ಟೋಪಿ ಹುಡುಕಲು ಹೊರಟವನಿಗೆ ಟೋಪಿಯೊಂದನ್ನು ಬಿಟ್ಟು ಉಳಿದೆಲ್ಲವೂ ಸಿಗುತ್ತದೆ. ನನ್ನ ಸಂಗ್ರಹದಲ್ಲಿ ಗುಮಾಸ್ತರ ಕರಿ ಟೋಪಿ ಇದೆ, ಪಟೇಲರೊಬ್ಬರ ಜರಿ ಟೋಪಿ ಇದೆ, ಅಂಚು ಸವೆದ ಫೆಲ್ಟ್ ಹ್ಯಾಟೂ ಇದೆ. ಇಲ್ಲದ್ದು ಒಂದೇ: ಹಿಂದೆ ಕಾಡು ಸುತ್ತುವ ಬ್ರಿಟಿಷ್ ಸಾಹೇಬರು ಹಾಕುತ್ತಿದ್ದ ಬೆಂಡಿನ ಹ್ಯಾಟು. ನಮ್ಮ ಮಳೆಗಾಲಕ್ಕೆ ಬೆಂಡು ಉಳಿಯುವುದೇ ಅಪರೂಪ. ಆದರೂ ಒಂದಾದರೂ ಉಳಿದಿರಲೇಬೇಕು ಎಂದುಕೊಂಡು, ಭಾನುವಾರಕ್ಕೊಂದು ದಿಕ್ಕಿನಂತೆ ಹೊರಟೆ.

ದೊಡ್ಮನೆಯಲ್ಲಿ

ದೊಡ್ಮನೆ ಎಂಬ ಊರಲ್ಲಿರುವ, ನೆಂಟರ ಪೈಕಿಯ ಅಜ್ಜನೊಬ್ಬನಿಗೆ ಫೋನು ಮಾಡಿದೆ. ಸಿಗ್ನಲ್ಲು ತುಂಡುತುಂಡು.

“ಅಜ್ಜ, ನಿಮ್ಮನೇಲಿ ಹಳೆ ಟೊಪ್ಪಿ ಇದ್ದಾ?”

“ರಾಶಿ ಇದ್ದು! ಬಾ ತಮಾ.”

ಬೈಕು ಹತ್ತಿ ಹೋದೆ. ಅಜ್ಜ ಜಗುಲಿಯ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದ. ಎಲ್ಲವೂ ಅಡಿಕೆ ಹಾಳೆಯ ಟೊಪ್ಪಿಗಳು, ತೋಟದ ಕೆಲಸದವರು ಹಾಕುವಂಥವು.

“ಅಜ್ಜ, ಆನು ಕೇಳಿದ್ದು ಹಳೇದು.”

“ಹಾಳೇದೇಯ! ಪ್ಲಾಸ್ಟಿಕ್ಕು ಅಂದ್ಕಂಡ್ಯಾ?”

ಬರಿಗೈಲಿ ಕಳಿಸಲು ಅಜ್ಜ ಒಪ್ಪಲಿಲ್ಲ. ಒಂದನ್ನು ನನ್ನ ಹೆಲ್ಮೆಟ್ಟಿನ ಮೇಲೇ ಇಟ್ಟು ಬೀಳ್ಕೊಟ್ಟ.

ಶಿರಸಿಯಲ್ಲಿ

ಅಂದಿನಿಂದ ‘ಹಳೆ’ ಎಂಬ ಮಾತು ಬಿಟ್ಟೆ. ‘ಬೆಂಡಿನ ಹ್ಯಾಟು’ ಎಂದೇ ಕೇಳುವುದು. ಬೆಂಡಿನಲ್ಲಿ ಮದುವೆಯ ಬಾಸಿಂಗ ಮಾಡುವವರಿಗೆ ಗೊತ್ತಿದ್ದೀತು ಎಂದು ಅವರ ಅಂಗಡಿಗೆ ಹೋದೆ. “ಬೆಂಡಿನ…” ಎನ್ನುವಷ್ಟರಲ್ಲಿ ಅವರು ದಾರ ಹಿಡಿದು ನನ್ನ ಹಣೆಯ ಅಳತೆ ತೆಗೆದಾಗಿತ್ತು.

“ಬಾಸಿಂಗ ಅಲ್ಲ, ಹ್ಯಾಟು,” ಎಂದೆ.

“ಈಗಿನ ಮದುವೆಗಳೇ ಹೀಗೆ ಬಿಡಿ. ಹುಡುಗಿಗೂ ಹ್ಯಾಟೇನಾ?”

ಸಂಜೆ ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು.

“ಹುಡುಗಿ ಯಾರ ಮನೆದೋ ತಮಾ?”

ಯಲ್ಲಾಪುರದಲ್ಲಿ

ಚಾ ಅಂಗಡಿಯಲ್ಲಿ ವಿಚಾರಿಸಿದೆ: “ಈ ಕಡೆ ಟೋಪಿ ಯಾರ ಹತ್ರ ಸಿಗಬಹುದು?”

ಪಕ್ಕದವನು ಗ್ಲಾಸು ಕೆಳಗಿಟ್ಟ. “ಕೇಳೋದೇ ಬೇಡ, ಅವರಾಗೇ ಹಾಕ್ತಾರೆ. ನಿಮಗೆ ಯಾರು ಹಾಕಿದ್ರು?”

ಇಡೀ ಅಂಗಡಿ ತಾನು ಹಾಕಿಸಿಕೊಂಡ ಟೋಪಿಗಳ ಕಥೆ ಬಿಚ್ಚಿತು. ಎಲ್ಲ ಕೇಳಿದೆ. ಕೊನೆಗೆ ಅಂಗಡಿಯವನು, “ತಲೆಗೆ ಹಾಕೋ ಟೋಪಿಯಾ? ಎಕ್ಕಂಬಿಯಲ್ಲಿ ಒಬ್ಬ ಅಜ್ಜಿ ಹತ್ರ ಇದೆ. ಅವಳ ಮಾವ ಸಾಹೇಬರ ಜೊತೆ ಕಾಡು ತಿರುಗಿದವ,” ಎಂದ. ಅಷ್ಟೂ ಜನರ ಚಾ ದುಡ್ಡು ನಾನೇ ಕೊಟ್ಟೆ. ಅದೂ ಒಂದು ಟೋಪಿಯೇ.

ಎಕ್ಕಂಬಿಯಲ್ಲಿ

“ಟೊಪ್ಪಿಗಿ ಐತ್ರಿ, ಬರ್ರಿ,” ಎಂದು ಅಜ್ಜಿ ಹಿತ್ತಲಿಗೆ ಕರೆದೊಯ್ದಳು. ಮೂಲೆಯಲ್ಲಿ ಅಂಗಾತ ಇಟ್ಟ ಬೆಂಡಿನ ಹ್ಯಾಟು! ಅಂಚು ಮುರಿದಿಲ್ಲ, ಚರ್ಮದ ಪಟ್ಟಿ ಹರಿದಿಲ್ಲ. ಒಳಗೆ ಕೋಳಿ ಕಾವಿಗೆ ಕೂತಿದೆ.

ಕೈ ಚಾಚಿದೆ. ಕುಕ್ಕಿತು.

“ಮರಿ ಆದಮ್ಯಾಲೆ ಒಯ್ಯಿರಿ.”

ಮರಿ ಆದ ಮೇಲೆ ಹೋದೆ. ಹ್ಯಾಟಿನಲ್ಲಿ ಇನ್ನೊಂದು ಕೋಳಿ.

“ನಂದೇನು ತಕರಾರಿಲ್ರಿ. ಆಕಿನ್ನ ಕೇಳ್ರಿ,” ಎಂದಳು ಅಜ್ಜಿ.

ಮುಂದಿನ ವಾರ ಬಿದಿರಿನ ಬುಟ್ಟಿ ಒಯ್ದೆ. ಅಜ್ಜಿ ಮೊಟ್ಟೆಗಳನ್ನು ಅದಕ್ಕೆ ವರ್ಗಾಯಿಸಿದಳು. ಕೋಳಿ ಖಾಲಿ ಹ್ಯಾಟಿಗೇ ಮರಳಿತು. ಹುಲ್ಲು ಹಾಸಿದ ರಟ್ಟಿನ ಪೆಟ್ಟಿಗೆಯೂ ಬೇಡವಾಯಿತು. ಕೂತು ಯೋಚಿಸಿದೆ. ಅದಕ್ಕೆ ಬೇಕಾದ್ದು ಬುಟ್ಟಿಯಲ್ಲ, ಪೆಟ್ಟಿಗೆಯಲ್ಲ, ಟೋಪಿ.

ದೊಡ್ಮನೆ ಅಜ್ಜ ಕೊಟ್ಟ ಹಾಳೆ ಟೊಪ್ಪಿ ತಂದಿಟ್ಟೆ. ಕೋಳಿ ಒಂದು ಪ್ರದಕ್ಷಿಣೆ ಹಾಕಿತು, ಅಂಚು ಕುಕ್ಕಿ ನೋಡಿತು, ಹತ್ತಿ ಕೂತಿತು.

ಮನೆ ಬಾಗಿಲಲ್ಲಿ ಬೆಂಡಿನ ಹ್ಯಾಟು ತಲೆಗೇರಿಸಿಕೊಂಡೆ. ಅಮ್ಮ ಮೂಗು ಮುಚ್ಚಿಕೊಂಡಳು.

“ಅಂತೂ ಸಿಕ್ತಾ! ಯಾರಿಗೆ ಟೊಪ್ಪಿ ಹಾಕಿ ತಂದ್ಯೋ?”

“ಕೋಳಿಗೆ,” ಎಂದೆ.