ಬೆಟ್ಟದ ವೈನ್ ರುಚಿ ನೋಡಿದವರು

ವೈನ್ ಮಾಡುವ ಜಾಗದಲ್ಲಿ ಕೆಲಸ ಎಂದರೆ ದಿನವೆಲ್ಲ ನಗುನಗುತ್ತಾ ಇರುತ್ತಾರೆ ಎಂದು ಜನ ತಿಳಿದಿದ್ದಾರೆ. ನಾನು ಕಂಡ ಹಾಗೆ, ಅಲ್ಲಿ ನಗು ಬರುವುದು ಎದೆ ಡವಡವ ಹೊಡೆದುಕೊಂಡು ನಿಂತ ಮೇಲೆಯೇ. ಒಂದು ತಿಂಗಳು ಅಂಥದ್ದೇನೂ ನಡೆಯಲಿಲ್ಲ ಎಂದರೆ ಆ ತಿಂಗಳು ನಾನು ರಜೆಯಲ್ಲಿದ್ದೆ ಎಂದೇ ಅರ್ಥ.

ರಾಬರ್ಟ್‌ಸನ್‌ಪೇಟೆಯ ಒಂದು ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದವನು ನಾನು. ಕಾಮಸಮುದ್ರದ ಆಚೆ, ಬೆಟ್ಟದ ಓರೆಯಲ್ಲಿ ದ್ರಾಕ್ಷಿ ಬೆಳೆದು ವೈನ್ ತಯಾರಿಸುವ ಯಜಮಾನರೊಬ್ಬರು, "ಗಾಜಿನ ಸಾಮಾನು ಒಡೆಯದೆ ಹಿಡಿಯೋಕೆ ಬರುತ್ತಾ?" ಎಂದು ಕೇಳಿದರು. ಬರುತ್ತೆ ಎಂದೆ. ಅಂದಿನಿಂದ ಅಲ್ಲಿಯ ರುಚಿ ನೋಡುವ ಕೋಣೆ ನನ್ನ ಸುಪರ್ದಿಗೆ ಬಂತು. ಬಂದವರಿಗೆ ಗ್ಲಾಸು ಇಡುವುದು, ಬಾಟಲಿ ತೆರೆಯುವುದು, ಅವರು ಗುಟುಕರಿಸುವಾಗ ಮುಖ ನೋಡುತ್ತಾ ನಿಲ್ಲುವುದು. ಮೂರನೆಯದೇ ಕಷ್ಟದ ಕೆಲಸ.

೧. ಒಂಟಿ ಚಪ್ಪಲಿ

ಒಮ್ಮೆ ಬೆಂಗಳೂರಿನಿಂದ ಆರು ಜನ ಬಂದಿದ್ದರು. ಅವರಲ್ಲಿ ಹಿರಿಯರೊಬ್ಬರು ನಾಲ್ಕು ವರ್ಷ ಹಳೆಯ ಕೆಂಪು ವೈನನ್ನು ಮೂಸಿ, ಕಣ್ಣು ಮುಚ್ಚಿ, "ಹಳೇ ಚರ್ಮದ ವಾಸನೆ ಇದೆ. ಅದರ ಹಿಂದೆಯೇ ಹೊಗೆಸೊಪ್ಪು," ಎಂದರು.

ಇದು ಹೊಗಳಿಕೆ. ಆದರೆ ಕಿಟಕಿಯ ಹೊರಗೆ ನಿಂತಿದ್ದ ಮೇಸ್ತ್ರಿ ಅಕ್ಕನಿಗೆ ಅದು ಹೇಗೆ ಗೊತ್ತಾಗಬೇಕು? ತೋಟದ ಹೆಣ್ಣಾಳುಗಳಿಗೆಲ್ಲ ಆಕೆಯೇ ಮುಖ್ಯಸ್ಥೆ. ನನ್ನನ್ನು ಸನ್ನೆ ಮಾಡಿ ಕರೆದಳು.

"ಅಣ್ಣಾ, ಚರ್ಮ ಅಂದ್ರಾ ಅವ್ರು?"

"ಹೂಂ. ಅದೇನೂ ಇಲ್ಲ, ಆಮೇಲೆ ಹೇಳ್ತೀನಿ," ಎಂದು ಒಳಗೆ ಓಡಿದೆ.

ಹತ್ತು ನಿಮಿಷ ಬಿಟ್ಟು ಬಂದರೆ ಆಳುಗಳೆಲ್ಲ ಸಾಲಾಗಿ ನಿಂತಿದ್ದಾರೆ, ಅಕ್ಕ ಕಾಲು ನೋಡುತ್ತಾ ಹೋಗುತ್ತಿದ್ದಾಳೆ. ಕೊನೆಯಲ್ಲಿ ನಿಂತವಳ ಹತ್ತಿರ ಒಂದೇ ಚಪ್ಪಲಿ. ಇನ್ನೊಂದು ಎಲ್ಲಿ ಎಂದರೆ, "ಬೆಳಿಗ್ಗೆ ತೊಟ್ಟಿ ತಾವ ಬಿಟ್ಟಿದ್ದೆ ಅಕ್ಕಾ," ಎಂದು ಅಳುಮುಖ ಮಾಡಿದಳು.

ಹೋದ ವಾರವಷ್ಟೇ ಕಿವುಚಿದ ದ್ರಾಕ್ಷಿ ಆ ತೊಟ್ಟಿಯಲ್ಲಿ ಹುಳಿಯುತ್ತಿತ್ತು. ನಾನು ಯಜಮಾನರ ಹತ್ತಿರ ಓಡಿದೆ. ಸುದ್ದಿ ಕೇಳಿ ಅವರ ಮುಖ ಬಿಳಿಚಿಕೊಂಡಿತು. ಇವತ್ತು ಬಿದ್ದ ಚಪ್ಪಲಿ ನಾಲ್ಕು ವರ್ಷದ ಹಿಂದಿನ ಬಾಟಲಿಯಲ್ಲಿ ಹೇಗೆ ನಾರುತ್ತದೆ ಎಂದು ಯೋಚಿಸುವ ತಾಳ್ಮೆ ಒಬ್ಬರಿಗೂ ಇರಲಿಲ್ಲ. ಅತಿಥಿಗಳಿಗೆ ಕಿಟಕಿಯಿಂದ ಕಾಣುವ ಜಾಗ ಅದು. ಯಜಮಾನರು ಅವರ ಕಡೆ ನಗುತ್ತಲೇ ಉದ್ದ ಕೋಲು ಹಾಕಿ ತೊಟ್ಟಿಯ ತಳ ಕೆದಕಿದರು. ಒಬ್ಬರು ಕುತೂಹಲದಿಂದ ಫೋಟೋ ಬೇರೆ ತೆಗೆದುಕೊಂಡರು.

ಅಷ್ಟರಲ್ಲಿ ದ್ರಾಕ್ಷಿ ಸಾಲಿನ ಕೆಳಗಿನಿಂದ ತೋಟದ ನಾಯಿ ಎದ್ದು ಬಂತು. ಬಾಯಲ್ಲಿ ಚಪ್ಪಲಿ, ಅರ್ಧ ತಿಂದದ್ದು. ಎಲ್ಲರೂ ಉಸಿರು ಬಿಟ್ಟೆವು. ಅಕ್ಕ ಮಾತ್ರ ಬಿಡಲಿಲ್ಲ.

"ಚಪ್ಪಲಿ ಸಿಕ್ತು ಸರಿ. ಈಗ ಒಗೆಸೊಪ್ಪು ಯಾರ್ದು ಬಿದ್ದೈತೆ ನೋಡ್ಬೇಕು."

೨. ತೊಟ್ಟಿಯೊಳಗಿನ ಕನ್ನಡಕ

ಆಂಡರ್ಸನ್‌ಪೇಟೆಯಿಂದ ಬರುವ ತಾತ ಒಬ್ಬರು ನಮ್ಮಲ್ಲಿ ಪೀಪಾಯಿಗಳ ಕೋಣೆ ನೋಡಿಕೊಳ್ಳುತ್ತಾರೆ. ಹರೆಯದಲ್ಲಿ ಚಿನ್ನದ ಗಣಿಯ ಆಳದಲ್ಲಿ ದುಡಿದವರು. ಮಾತು ಅರ್ಧ ತಮಿಳು, ಅರ್ಧ ಕನ್ನಡ, ಅದೂ ಬಹಳ ಕಮ್ಮಿ.

ಆ ದಿನ ತೊಟ್ಟಿಯಿಂದ ವೈನ್ ಬಸಿದಾಗಿತ್ತು. ತಳದಲ್ಲಿ ಸಿಪ್ಪೆ ಮಾತ್ರ ಉಳಿದಿತ್ತು. ಬಗ್ಗಿ ನೋಡುತ್ತಿದ್ದ ಯಜಮಾನರ ಕನ್ನಡಕ ಜಾರಿ ಒಳಗೆ ಬಿತ್ತು. ಅವರು ಏಣಿ ಇಳಿಸಿದರು.

"ವೇಣ್ಡಾ, ಬೇಡ ಸಾರ್. ಮೊದ್ಲು ದೀಪ ಬಿಡ್ಬೇಕು," ಎಂದರು ತಾತ.

"ಎರಡು ನಿಮಿಷದ ಕೆಲಸ ತಾತ," ಎಂದು ಯಜಮಾನರು ಮೂರು ಮೆಟ್ಟಿಲು ಇಳಿದೇಬಿಟ್ಟರು.

ತಾತ ತೊಟ್ಟಿಯ ಅಂಚಿಗೆ ಬಂದರು. ಮಂಡಿಯೂರಿ ಬಗ್ಗಿದವರೇ ಕೈಗೆ ಸಿಕ್ಕಿದ್ದನ್ನು ಹಿಡಿದು ಮೇಲಕ್ಕೆಳೆದರು. ಕೈಗೆ ಸಿಕ್ಕಿದ್ದು ಯಜಮಾನರ ಎಲಾಸ್ಟಿಕ್ ಪ್ಯಾಂಟು. ನಾನು ಓಡಿಹೋಗಿ ರಟ್ಟೆ ಹಿಡಿದೆ. ಇಬ್ಬರೂ ಸೇರಿ ಎಳೆದಾಗ ಯಜಮಾನರು ಮೇಲೆ ಬಂದರು, ಪ್ಯಾಂಟು ತಾತನ ಹಿಡಿತದಲ್ಲೇ ಉಳಿದು ಮಂಡಿಗಿಳಿಯಿತು. ಹೆಣ್ಣಾಳುಗಳೆಲ್ಲ ಒಟ್ಟಿಗೆ ಬೆಟ್ಟದ ಕಡೆ ತಿರುಗಿದರು.

ಯಜಮಾನರು ಕೆಂಪಗಾಗಿ ಬೈಯಲು ಬಾಯಿ ತೆರೆದರು. ತಾತ ಬೆರಳೆತ್ತಿ ಸುಮ್ಮನಿರಿಸಿ, ಒಂದು ಮೋಂಬತ್ತಿ ಹಚ್ಚಿ ಡಬ್ಬದಲ್ಲಿಟ್ಟು ದಾರದಿಂದ ತೊಟ್ಟಿಯೊಳಗೆ ಇಳಿಬಿಟ್ಟರು. ಅರ್ಧ ದಾರಿಯಲ್ಲಿ ಮೋಂಬತ್ತಿ ಪಕ್ಕನೆ ಆರಿತು. ಗಾಳಿಯಿಲ್ಲ, ಏನಿಲ್ಲ. ದ್ರಾಕ್ಷಿ ಹುಳಿಯುವಾಗ ಹುಟ್ಟುವ ಕೆಟ್ಟ ಗಾಳಿ ತಳದಲ್ಲಿ ಕೂತಿರುತ್ತದೆ, ಇಳಿದವನು ಮೇಲೆ ಬರುವುದಿಲ್ಲ ಎಂದು ನಮಗೆ ಆಗ ಅರ್ಥವಾಯಿತು.

ಕೊನೆಗೆ ಯಜಮಾನರು ಪ್ಯಾಂಟು ಏರಿಸಿಕೊಳ್ಳುತ್ತಾ, "ಪ್ರಾಣ ಉಳಿಸಿದ್ರಿ ತಾತ. ಆದ್ರೆ ಇಷ್ಟು ಜನರ ಮುಂದೆ..." ಎಂದು ನಿಲ್ಲಿಸಿದರು.

"ಗಣಿಯಿಂದ ಮೇಲೆ ಬಂದವನಿಗೆ ಉಸಿರಿದೆಯಾ ಅಂತ ನೋಡ್ತಿದ್ವಿ ಸಾರ್," ಎಂದರು ತಾತ. "ಪ್ಯಾಂಟ್ ಇದೆಯಾ ಅಂತ ಯಾರೂ ನೋಡ್ತಿರಲಿಲ್ಲ."

೩. ಎಂಟು ವರ್ಷದ ಬಾಟಲಿ

ತೋಟದ ಮೊದಲ ಫಸಲಿನ ವೈನ್ ಎಂಟು ವರ್ಷ ಮಲಗಿತ್ತು. ಉಳಿದದ್ದು ಮೂರೇ ಬಾಟಲಿ. ಅದನ್ನು ರುಚಿ ನೋಡಲು ದೊಡ್ಡ ಪರಿಣತರೊಬ್ಬರು ಬರುತ್ತಾರೆ, ಅವರು ಒಪ್ಪಿದರೆ ಬೆಟ್ಟದ ವೈನಿಗೆ ಒಂದು ಹೆಸರು ಬರುತ್ತದೆ, ಇಲ್ಲದಿದ್ದರೆ ಆ ಓರೆಯಲ್ಲಿ ದ್ರಾಕ್ಷಿ ಕಿತ್ತು ಮಾವು ಹಾಕುವುದೇ ಸರಿ ಎಂದು ಯಜಮಾನರು ತೀರ್ಮಾನಿಸಿದ್ದರು.

ಇಂಥವರು ವೈನ್ ನುಂಗುವುದಿಲ್ಲ. ಬಾಯಲ್ಲಿ ಹೊರಳಾಡಿಸಿ ಉಗಿಯುತ್ತಾರೆ. ನುಂಗುತ್ತಾ ಹೋದರೆ ಹತ್ತನೆಯ ಗ್ಲಾಸಿಗೆ ನಾಲಿಗೆ ಕೈಕೊಡುತ್ತದೆ. ನಾನೂ ಈ ಕೆಲಸ ಕಲಿತಾಗ ನಮ್ಮಮ್ಮನಿಗೆ ವಿವರಿಸಿದ್ದೆ. "ಉಗಿಯಾಕೆ ಸಂಬಳ ಕೊಡ್ತಾರಾ?" ಎಂದು ಅಮ್ಮ ಕೆನ್ನೆಗೆ ಕೈಯಿಟ್ಟುಕೊಂಡಿದ್ದಳು. "ನಿಮ್ಮಪ್ಪ ಇಪ್ಪತ್ತು ವರ್ಷ ಎಲೆ ಅಡಿಕೆ ಆಕ್ಕೊಂಡು ಪುಗಸಟ್ಟೆ ಉಗುದ್ರು ಕಣ್ಲಾ."

ನಮ್ಮಲ್ಲಿ ಉಗಿಯಲು ಇದ್ದದ್ದು ಪ್ಲಾಸ್ಟಿಕ್ ಬಕೆಟ್ಟು. ದೊಡ್ಡವರ ಮುಂದೆ ಅದು ಚೆಂದವಲ್ಲ ಎಂದು ಯಜಮಾನರು ಬಂಗಾರಪೇಟೆಯ ಪಾತ್ರೆ ಅಂಗಡಿಯಿಂದ ದೊಡ್ಡ ಹಿತ್ತಾಳೆ ಚೊಂಬು ತಂದರು. ನಾನು ಹುಣಸೆಹಣ್ಣು ಹಾಕಿ ಉಜ್ಜಿ, ಒಣಗಲೆಂದು ಜಗಲಿಯ ಮೇಲೆ ಬೋರಲು ಹಾಕಿದೆ.

ಪರಿಣತರು ಬೆಂಗಳೂರಿನ ರೈಲಿನಿಂದ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಇಳಿದು, ಯಜಮಾನರು ಕಳಿಸಿದ ಕಾರಿನಲ್ಲಿ ಹನ್ನೊಂದು ಗಂಟೆಗೆ ಬಂದರು. ಮಾತಿಲ್ಲ, ನಗುವಿಲ್ಲ. ಬಿರಡೆ ತೆಗೆಯುವಾಗ ಅದು ಅರ್ಧಕ್ಕೆ ಮುರಿಯಿತು. ಯಜಮಾನರು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಹೇಗೋ ಉಳಿದರ್ಧ ತೆಗೆದು, ಗಸಿ ಅಲುಗದಂತೆ ಉಸಿರು ಬಿಗಿಹಿಡಿದು ಬಗ್ಗಿಸಿದೆ. ಅವರು ಗ್ಲಾಸನ್ನು ಬೆಳಕಿಗೆ ಹಿಡಿದರು, ಮೂಸಿದರು, ಬಾಯಿ ತುಂಬ ತೆಗೆದುಕೊಂಡರು. ಒಂದು ನಿಮಿಷ ಕೆನ್ನೆಯಿಂದ ಕೆನ್ನೆಗೆ ಓಡಾಡಿಸಿದರು. ಆಮೇಲೆ ಮೇಜಿನ ಬಲಕ್ಕೆ ನೋಡಿದರು, ಎಡಕ್ಕೆ ನೋಡಿದರು, ನನ್ನನ್ನು ನೋಡಿದರು.

ಚೊಂಬು ಇರಲಿಲ್ಲ.

ಜಗಲಿಗೆ ಹಾರಿದೆ. ಅಲ್ಲೂ ಇರಲಿಲ್ಲ. ಬಾಗಿಲಿಗೆ ಬಂದು ನೋಡಿದರೆ, ಹೊಸಲಿನ ಪಕ್ಕ ಮಣೆಯ ಮೇಲೆ ಚೊಂಬು ಕೂತಿದೆ. ಮೈಗೆ ಅರಿಶಿನ ಕುಂಕುಮ, ಬಾಯಿಗೆ ಮಾವಿನೆಲೆ, ಮೇಲೊಂದು ತೆಂಗಿನಕಾಯಿ. ಪಕ್ಕದಲ್ಲಿ ಮೇಸ್ತ್ರಿ ಅಕ್ಕ ಕೈಮುಗಿದು ನಿಂತಿದ್ದಾಳೆ.

"ದೊಡ್ಡೋರು ಬತ್ತಾರೆ ಅಂದ್ರಲ್ಲ, ಕಲಶ ಇಟ್ಟೀನಿ ಅಣ್ಣಾ," ಎಂದಳು.

ಹಿಂದೆ ತಿರುಗಿದರೆ ಪರಿಣತರೇ ಎದ್ದು ಬರುತ್ತಿದ್ದಾರೆ. ಕೆನ್ನೆ ಉಬ್ಬಿದೆ, ಕಣ್ಣು ಕೆಂಪಾಗಿದೆ. ಹೊರಗೆ ಹೋಗಿ ಗಿಡದ ಬುಡಕ್ಕೆ ಉಗಿಯುವ ಯೋಚನೆ ಇತ್ತೋ ಏನೋ. ಆದರೆ ಹೊಸಲು ದಾಟುವ ಮುಂಚೆ ಅಕ್ಕ ಅಡ್ಡ ನಿಂತು, ಆರತಿ ತಟ್ಟೆ ಎತ್ತಿ ನಿಧಾನವಾಗಿ ಬೆಳಗತೊಡಗಿದಳು. ಅವರು ಅಕ್ಕನ ಮುಖ ನೋಡಿದರು, ತೆಂಗಿನಕಾಯಿ ನೋಡಿದರು. ಹಿಂದೆ ಯಜಮಾನರು ಗೋಡೆ ಹಿಡಿದುಕೊಂಡಿದ್ದರು. ಆರತಿ ಮುಗಿಯುವ ಲಕ್ಷಣ ಕಾಣಲಿಲ್ಲ. ಪರಿಣತರ ಕಣ್ಣಿನಿಂದ ಎರಡು ಹನಿ ಇಳಿದವು. ಗಂಟಲಮಣಿ ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು.

ನುಂಗಿದರು.

ಒಳಗೆ ಹೋಗಿ ಕೂತು, ಇನ್ನೊಂದು ಗ್ಲಾಸು ಕೇಳಿದರು. ಅದನ್ನು ತಾವಾಗಿಯೇ ನುಂಗಿದರು. ಮೂರನೆಯದನ್ನೂ. ತಮ್ಮ ವರದಿಯಲ್ಲಿ, "ಉಗಿಯಲು ಮನಸ್ಸು ಬಾರದ ವೈನ್" ಎಂದು ಬರೆದರು. ಯಜಮಾನರು ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತಗುಲಿಸಿದ್ದಾರೆ. ದ್ರಾಕ್ಷಿ ಬಳ್ಳಿಗಳು ಅಲ್ಲೇ ಇವೆ.

ಕಾರು ಹೋದ ಮೇಲೆ ಅಕ್ಕ ಕಲಶದ ಕಾಯಿ ತೆಗೆಯುತ್ತಾ ನನಗೆ ಹೇಳಿದಳು: "ಬೆಂಗ್ಳೂರೋರ್ಗೂ ಭಯಭಕ್ತಿ ಐತೆ ಕಣಣ್ಣಾ. ಕಲಶ ನೋಡ್ತಿದ್ದಂಗೆ ಕಣ್ಣಾಗೆ ನೀರು ಬಂದ್ಬುಡ್ತು. ಬಾಯಿಂದ ಒಂದು ಮಾತೂ ಒರಡ್ಲಿಲ್ಲ ಪಾಪ."