ಕೊನೆಯ ಕಂತಿನ ದೋಣಿ

ಮೊಬೈಲನ್ನು ನೀರಿನ ಲೋಟಕ್ಕೆ ಒರಗಿಸಿ ನಿಲ್ಲಿಸಬಹುದು ಎಂದು ಮೊದಲು ಕಂಡುಹಿಡಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಸಿಕ್ಕಿದ್ದರೆ ಆ ಸಂಜೆ ಮಬ್ಬಣ್ಣ ಅವನ ಕುತ್ತಿಗೆ ಹಿಡಿಯುತ್ತಿದ್ದ. ತೊಡೆಯ ಮೇಲೆ ಊಟದ ಡಬ್ಬಿ, ಎದುರಿಗೆ ಲೋಟಕ್ಕೆ ಒರಗಿ ನಿಂತ ಮೊಬೈಲು, ಬಾಗಿಲು ಮುಚ್ಚಿದ ಕೋಣೆ. ಇಷ್ಟೆಲ್ಲ ಅನುಕೂಲವಿದ್ದಾಗ ಮಾತಿಗೆ ತಪ್ಪದ ಎಂಥ ಮನುಷ್ಯನೂ ಒಂದು ಸಲ ಜಾರುತ್ತಾನೆ. ಮಬ್ಬಣ್ಣನೂ ಮಾತಿಗೆ ತಪ್ಪದವನೇ ಹೌದು, ಆದರೆ ಮೊದಲೇ ಜಾರುವ ಸ್ವಭಾವದವನು.

ಮಬ್ಬಣ್ಣ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು, ಗಾಜುಗಳನ್ನು ಫ್ರೇಮಿನ ಅಳತೆಗೆ ಉಜ್ಜಿ ಕೂರಿಸುವುದು ಅವನ ಕೆಲಸ. ಊರಿನ ಅರ್ಧ ಜನಕ್ಕೆ ಜಗತ್ತು ನಿಚ್ಚಳವಾಗಿ ಕಾಣುವಂತೆ ಮಾಡಿದ ಈ ಮನುಷ್ಯ, ತಾನು ಮಾತ್ರ ಸದಾ ಮಂಜಿನೊಳಗೆ ನಡೆಯುತ್ತಿರುವವನಂತೆ ಇರುತ್ತಿದ್ದ. ಕರೆದರೆ ಓಗೊಡುವುದಕ್ಕೆ ಅವನು ಎಲ್ಲಿಂದಲೋ ವಾಪಸು ಬರಬೇಕಾಗುತ್ತಿತ್ತು. ಅದನ್ನು ನೋಡಿ ನೋಡಿ, ಅದೇ ಅಂಗಡಿಯ ಕೌಂಟರಿನಲ್ಲಿ ಫ್ರೇಮು ಮಾರುವ ಗೆಳೆಯ ಈ ಹೆಸರಿಟ್ಟ. ಮಬ್ಬಣ್ಣ ಸೇಡು ತೀರಿಸಿಕೊಳ್ಳಲು ಅವನನ್ನು ಫ್ರೇಮಣ್ಣ ಎಂದು ಕರೆದ. ಇಬ್ಬರ ಮನೆಯೂ ಒಂದೇ ಕಟ್ಟಡದಲ್ಲಿ ಇದ್ದುದರಿಂದ ಎರಡು ಹೆಸರೂ ಮನೆಯವರೆಗೆ ಬಂದು ಖಾಯಂ ಆದವು.

ಮಬ್ಬಣ್ಣನ ಹೆಂಡತಿ ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುತ್ತಿದ್ದಳು. ಅಲ್ಲಿನ ಕಾರಿನಲ್ಲಿ ಪಕ್ಕದ ಸೀಟಿಗೂ ಒಂದು ಬ್ರೇಕು ಇರುತ್ತದೆ. ಕಲಿಯುವವರು ಕಂಬಕ್ಕೆ ಗುರಿಯಿಟ್ಟಾಗ ಅವಳ ಕಾಲು ತಾನಾಗಿ ಅದನ್ನು ಒತ್ತುತ್ತದೆ. ಮನೆಗೆ ಬಂದ ಮೇಲೂ ಅವಳು ಆ ಕಾಲನ್ನು ಪೂರ್ತಿ ಎತ್ತಿರುವುದಿಲ್ಲ ಎಂದು ಫ್ರೇಮಣ್ಣ ಹೇಳುತ್ತಿದ್ದ. ಮಬ್ಬಣ್ಣನಿಗೆ ಅದರ ಬಗ್ಗೆ ದೂರಿರಲಿಲ್ಲ. ಅವಳು ಇಲ್ಲದಿದ್ದರೆ ತಾನು ಯಾವತ್ತೋ ಯಾವುದಾದರೂ ಕಂಬಕ್ಕೆ ಹೋಗಿ ಗುದ್ದುತ್ತಿದ್ದೆ ಎಂದು ಅವನಿಗೆ ಗೊತ್ತಿತ್ತು.

ಎಲ್ಲರ ಮನೆಯಂತೆ ಅವರ ಮನೆಯಲ್ಲೂ ಇಬ್ಬರಿಗೆ ಎರಡು ಲೋಕ. ಅವಳು ಅಡುಗೆಮನೆಯಲ್ಲಿ ಮೊಬೈಲು ನಿಲ್ಲಿಸಿಕೊಂಡು ಕಾರಿನ ಎಂಜಿನ್ ಬಿಚ್ಚುವುದನ್ನು ನೋಡುವಳು. ಅವನು ಕಿಟಕಿಯ ಬಳಿ ಕೂತು, ಯಾರೋ ಎಲ್ಲೋ ಹಿಡಿದ ಮೋಡಗಳು ತೇಲುವುದನ್ನು ನೋಡುವನು. ಕಿವಿಗೆ ಅವಳದೊಂದು ವೈರು, ಇವನದೊಂದು ವೈರು. ಉಪ್ಪು ಎಲ್ಲಿ ಎಂದು ಕೇಳಬೇಕಾದರೂ ಒಬ್ಬರು ಕಿವಿಯಿಂದ ಏನಾದರೂ ಕಿತ್ತುಕೊಳ್ಳಬೇಕು. ಇದು ಯಾರ ತಪ್ಪೂ ಅಲ್ಲ. ಹಾಗೆ ಆಗಿಹೋಗಿತ್ತು ಅಷ್ಟೆ.

ಆದರೆ ಒಂದು ಸೀರಿಯಲ್ ಮಾತ್ರ ಇಬ್ಬರದೂ. ಸಮುದ್ರದ ನಡುವೆ ದೀಪಸ್ತಂಭ ಕಾಯುವ ಗಂಡ ಹೆಂಡತಿಯ ಕತೆ ಅದು. ಸಂಜೆ ಮೊಬೈಲುಗಳನ್ನು ಮಗುಚಿಟ್ಟು, ದೊಡ್ಡ ಟಿವಿಯಲ್ಲಿ, ಒಂದೇ ಸೋಫಾದಲ್ಲಿ ಕೂತು ನೋಡಬೇಕು. ಒಬ್ಬರನ್ನು ಬಿಟ್ಟು ಒಬ್ಬರು ಮುಂದೆ ಹೋಗುವಂತಿಲ್ಲ. ಕಟ್ಟಳೆ ಹಾಕಿದವಳು ಹೆಂಡತಿ. ಆ ಹೊತ್ತಿನಲ್ಲಿ ಅವಳ ಭುಜ ಮಬ್ಬಣ್ಣನ ಭುಜಕ್ಕೆ ತಾಗುತ್ತಿತ್ತು, ಕಾಲು ಸೋಫಾದ ಮೇಲೆ ಮಡಚಿರುತ್ತಿತ್ತು. ದಿನವೆಲ್ಲ ಅವನು ಕಾಯುತ್ತಿದ್ದದ್ದು ಇದಕ್ಕೇ.

ಆ ಬೆಳಿಗ್ಗೆ ಕೊನೆಯ ಕಂತು ಬಂದಿತ್ತು. ಅವಳು ಬ್ಯಾಗು ಹೆಗಲಿಗೇರಿಸುತ್ತ ಎಚ್ಚರಿಸಿದಳು. "ಸಂಜೆ ಒಟ್ಟಿಗೇ ನೋಡೋದು. ಕೆಳಮನೆ ದೊಡ್ಡಮ್ಮನ್ನೂ ಫ್ರೇಮಣ್ಣನ್ನೂ ಕರೆದಿದ್ದೀನಿ. ನೀವು ನಡುವೆ ಕದ್ದು ನೋಡಿದ್ರೆ ನನ್ನಾಣೆ."

"ಛೆ, ಎಲ್ಲಾದರೂ ಉಂಟೆ!" ಎಂದು ಮಬ್ಬಣ್ಣ ಅವಳ ಕೈಮೇಲೆ ಕೈಯಿಟ್ಟು ಹೇಳಿದ. ಹೇಳುವಾಗ ಅವನ ಮನಸ್ಸು ಶುದ್ಧವಾಗಿತ್ತು.

ಮಧ್ಯಾಹ್ನ ಊಟದ ಹೊತ್ತಿಗೆ ಅದು ಸ್ವಲ್ಪ ಕೆಟ್ಟಿತು. ಮೊದಲ ದೃಶ್ಯ ಮಾತ್ರ, ಸಮುದ್ರ ತೋರಿಸುವಷ್ಟು ಮಾತ್ರ ಎಂದುಕೊಂಡು ಲೋಟಕ್ಕೆ ಮೊಬೈಲು ಒರಗಿಸಿದ. ಪರದೆಯ ತುಂಬ ನೀಲಿ ನೀರು ಹರಡಿತು. ಗಾಜು ಉಜ್ಜುವ ಯಂತ್ರದಿಂದ ನೀರು ತೊಟ್ಟಿಕ್ಕುತ್ತಿತ್ತು. ಮೇಲಿನ ಸಣ್ಣ ಕಿಟಕಿಯಿಂದ ಬಿಸಿಲು ಇಳಿದು, ಮೇಜಿನ ಮೇಲಿದ್ದ ಗಾಜುಗಳನ್ನು ಹಾಯ್ದು, ಗೋಡೆಯ ಮೇಲೆ ಬೆಳಕಿನ ಬಳೆಗಳಾಗಿ ನಡುಗುತ್ತಿತ್ತು. ಹೊಟ್ಟೆ ತುಂಬಿತ್ತು. ಎಲ್ಲೋ ಹುಟ್ಟು ಹಾಕುವ ಸದ್ದು ಕೇಳಿಸಿತು.

ಅವನಿಗೆ ಮತ್ತೆ ಮೈಮೇಲೆ ಎಚ್ಚರ ಬಂದಾಗ ಪರದೆ ಕಪ್ಪಾಗಿತ್ತು. ಅದರ ಮೇಲೆ ಬಿಳಿ ಅಕ್ಷರದಲ್ಲಿ, 'ನೀವು ಈ ಸರಣಿಯನ್ನು ಪೂರ್ತಿ ನೋಡಿದ್ದೀರಿ' ಎಂದು ಬಂದಿತ್ತು.

ಮಬ್ಬಣ್ಣ ಮೊಬೈಲನ್ನು ಕೈಗೆತ್ತಿಕೊಂಡ. ಪೂರ್ತಿ ನೋಡಿಬಿಟ್ಟೆನೆ? ಹೌದು, ನೋಡಿದ್ದೆ. ಕೊನೆಯ ದೃಶ್ಯ ಇನ್ನೂ ಕಣ್ಣಿಗೆ ಕಟ್ಟಿದಂತಿತ್ತು. ಎಷ್ಟು ಚಂದದ ಕೊನೆ! ಅವನ ಕಣ್ಣು ತೇವವಾಯಿತು. ಹಿಂದೆಯೇ ಹೆಂಡತಿಯ ಆಣೆ ನೆನಪಾಗಿ ಇನ್ನಷ್ಟು ತೇವವಾಯಿತು.

ಅದೇ ಹೊತ್ತಿಗೆ ಫ್ರೇಮಣ್ಣ ಒಳಗೆ ಬಂದ.

"ಏನೋ ಮಬ್ಬಣ್ಣ, ಯಾಕೋ ಅಳ್ತಾ ಇದ್ದೀಯ?"

"ಕಣ್ಣಿಗೆ ಗಾಜಿನ ಪುಡಿ ಬಿತ್ತು."

"ಎರಡೂ ಕಣ್ಣಿಗೆ ಒಟ್ಟಿಗೇ ಬಿತ್ತಾ? ನೋಡಿಬಿಟ್ಯಲ್ಲ ಕಳ್ಳ!" ಫ್ರೇಮಣ್ಣ ಸ್ಟೂಲು ಎಳೆದುಕೊಂಡು ಕೂತ. "ಹೇಳು ಹೇಳು, ಏನಾಯ್ತು? ನನ್ನ ಹೊಟ್ಟೆಯಿಂದ ಒಂದು ಅಕ್ಷರ ಆಚೆ ಹೋದರೆ ಕೇಳು."

ಹೇಳಬಾರದು ಎಂದೇ ಮಬ್ಬಣ್ಣ ಬಾಯಿ ತೆರೆದ. ಆದರೆ ಆ ದೃಶ್ಯ ಅವನನ್ನು ಬಿಡಲಿಲ್ಲ. "ಕಾವಲುಗಾರ ದೀಪ ಹಚ್ಚಿಟ್ಟು ಸದ್ದಿಲ್ಲದೆ ಮೆಟ್ಟಿಲಿಳಿತಾನೆ. ಕೆಳಗೆ ಒಂದು ಸಣ್ಣ ದೋಣಿ. ಅದರಲ್ಲಿ ಮೆತ್ತಗಿನ ಹಾಸಿಗೆ ಹಾಸಿದೆ. ಹತ್ತಿ ಮಲಗ್ತಾನೆ. ದೋಣಿ ತಾನಾಗೇ ತೇಲಿಕೊಂಡು ಹೋಗುತ್ತೆ. ನೀರೆಲ್ಲ ಹಾಲಿನ ಹಾಗೆ. ದಡದಲ್ಲಿ ಹೆಂಡತಿ ಓಡಿ ಬಂದು, ಎರಡೂ ಕೈ ಎತ್ತಿ, ಬ್ರೇಕ್, ಬ್ರೇಕ್ ಅಂತ ಕೂಗ್ತಾಳೆ. ಇವನು ಕಿವಿಗೇ ಹಾಕ್ಕೊಳಲ್ಲ. ಹಾಗೇ ಮಂಜಿನಲ್ಲಿ ಮಾಯ ಆಗಿಬಿಡ್ತಾನೆ."

"ದೋಣಿಗೆ ಎಲ್ಲಿಯ ಬ್ರೇಕೋ?"

"ಅದಕ್ಕೆಲ್ಲ ಒಳ ಅರ್ಥ ಇರುತ್ತೆ ಕಣೋ. ದೊಡ್ಡ ಸೀರಿಯಲ್ಲು ಅದು," ಎಂದ ಮಬ್ಬಣ್ಣ.

ಫ್ರೇಮಣ್ಣ ತಲೆದೂಗಿದ. ಆಮೇಲೆ ನೆಟ್ಟಗೆ ವಿಷಯಕ್ಕೆ ಬಂದ. "ಅದಿರಲಿ, ಸಂಜೆ ಏನು ಮಾಡ್ತೀಯ? ಮೊಬೈಲಿಗೂ ಟಿವಿಗೂ ಒಂದೇ ಖಾತೆ ಅಲ್ವಾ? ಇಲ್ಲಿ ನೋಡಿದ್ದು ಅಲ್ಲಿ ಗೊತ್ತಾಗುತ್ತೆ. ಟಿವಿ ಹಾಕಿದ ತಕ್ಷಣ, ಪೂರ್ತಿ ನೋಡಿದ್ದೀರಿ ಅಂತ ನಿನ್ನ ಹೆಂಡತಿ ಮುಖಕ್ಕೇ ಹೇಳುತ್ತೆ."

ಮನೆಯಲ್ಲಿ ಗುಟ್ಟು ಕಾಯದ ವಸ್ತು ಟಿವಿಯೊಂದೇ ಎಂದು ಮಬ್ಬಣ್ಣನಿಗೆ ಈವರೆಗೆ ಹೊಳೆದಿರಲಿಲ್ಲ. ಗುರುತು ಅಳಿಸಲು ಇಬ್ಬರೂ ಮೊಬೈಲಿನ ಮೇಲೆ ಬಗ್ಗಿದರು. "ಇದನ್ನ ಒತ್ತು" ಎಂದ ಫ್ರೇಮಣ್ಣ. "ಅದಲ್ಲ, ಇದು" ಎಂದ ಮಬ್ಬಣ್ಣ. ಇಬ್ಬರ ಬೆರಳೂ ಒಂದೇ ಸಲ ಇಳಿದವು. ಪರದೆ ಒಂದು ಗಳಿಗೆ ಯೋಚಿಸಿ, 'ಮನೆಯ ಟಿವಿಯಲ್ಲಿ ಪ್ರಸಾರವಾಗುತ್ತಿದೆ' ಎಂದಿತು.

"ಮನೇಲಿ ಯಾರಿದ್ದಾರೆ?"

"ಯಾರೂ ಇಲ್ಲ. ಬೀಗ ಹಾಕಿದೆ."

"ಹಾಗಾದ್ರೆ ಬಿಡು, ಗೋಡೆ ನೋಡಿಕೊಳ್ಳುತ್ತೆ," ಎಂದು ಫ್ರೇಮಣ್ಣ ನಗುತ್ತಿರುವಾಗಲೇ ಮೊಬೈಲು ಹೊಡೆದುಕೊಂಡಿತು. ಕೆಳಮನೆಯ ದೊಡ್ಡಮ್ಮ. ಆಕೆ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು. ಈಗ ಇಡೀ ಕಟ್ಟಡಕ್ಕೆ ಆ ಹುದ್ದೆಯಲ್ಲಿದ್ದಳು.

"ಮಬ್ಬಣ್ಣ, ನಿಮ್ಮನೇಲಿ ಕಳ್ಳ ನುಗ್ಗಿದ್ದಾನೆ!" ದೊಡ್ಡಮ್ಮ ಪಿಸುಗುಟ್ಟಿದಳು. ಅವಳ ಪಿಸುಮಾತು ಕೌಂಟರಿನವರೆಗೆ ಕೇಳುವಂಥದು. "ಆರಾಮಾಗಿ ಟಿವಿ ಹಾಕ್ಕೊಂಡು ಕೂತಿದ್ದಾನೆ. ಎಷ್ಟು ಧೈರ್ಯ ನೋಡು! ನನ್ನ ಹತ್ರ ಕೀಲಿ ಇದೆ, ಪೊರಕೆ ತಗೊಂಡು ಹೋಗ್ತಾ ಇದ್ದೀನಿ."

"ಬೇಡ ದೊಡ್ಡಮ್ಮ, ಕಳ್ಳ ಅಲ್ಲ, ಅದು ನಾನು..." ಎನ್ನುವಷ್ಟರಲ್ಲಿ ಫೋನು ಕಟ್ಟಾಯಿತು.

ಇಬ್ಬರೂ ಫ್ರೇಮಣ್ಣನ ಸ್ಕೂಟರು ಏರಿ ಓಡಿದರು. ಅವಸರದಲ್ಲಿ ಮಬ್ಬಣ್ಣ ಯಾರದೋ ದಪ್ಪ ಕನ್ನಡಕವನ್ನು ತನ್ನದೆಂದು ಏರಿಸಿಕೊಂಡಿದ್ದ. ದಾರಿಯುದ್ದಕ್ಕೂ ಮರ, ಮನೆ, ಜನ ಎಲ್ಲ ಕರಗಿ ಬಣ್ಣದ ನೀರಾಗಿ ಹರಿದವು. ಸುಖವಾಗಿಯೇ ಇತ್ತು. ಹೀಗೇ ಹೋಗುತ್ತಿದ್ದರೆ ಎಷ್ಟು ಚೆನ್ನ ಎಂದುಕೊಳ್ಳುತ್ತಿದ್ದಾಗ ಸ್ಕೂಟರು ನಿಂತಿತು.

ಮನೆಯ ಬಾಗಿಲು ತೆರೆದಿತ್ತು. ಪೊರಕೆ ಸೋಫಾಕ್ಕೆ ಒರಗಿತ್ತು. ದೊಡ್ಡಮ್ಮ ಕಾಲು ಚಾಚಿ, ಕೆನ್ನೆಗೆ ಕೈಕೊಟ್ಟು, ದೀಪಸ್ತಂಭವನ್ನು ನೋಡುತ್ತ ಕೂತಿದ್ದಳು. ಮಬ್ಬಣ್ಣ ಮಾತಾಡದೆ ಹೋಗಿ ಪ್ಲಗ್ಗನ್ನೇ ಕಿತ್ತುಹಾಕಿದ.

"ಅಯ್ಯೋ, ಈಗ ತಾನೇ ಶುರುವಾಗಿತ್ತಲ್ಲೋ!" ದೊಡ್ಡಮ್ಮ ಎದ್ದೇಬಿಟ್ಟಳು. "ಬಿರುಗಾಳಿ ಏಳ್ತಾ ಇತ್ತು. ಅವನು ಬದುಕ್ತಾನೋ ಇಲ್ಲವೋ?"

"ತಲೆ ಕೆಡಿಸ್ಕೋಬೇಡಿ ದೊಡ್ಡಮ್ಮ," ಎಂದ ಫ್ರೇಮಣ್ಣ ಸಮಾಧಾನ ಮಾಡುವ ದನಿಯಲ್ಲಿ. "ಬದುಕ್ತಾನೆ. ದೋಣಿ ಹತ್ತಿ ಹೋಗಿಬಿಡ್ತಾನೆ. ಮಬ್ಬಣ್ಣ ಎಲ್ಲಾ ನೋಡಿ ಹೇಳಿದ."

ಅಕ್ಷರ ಆಚೆ ಬಿಡದ ಆ ಹೊಟ್ಟೆಯನ್ನು ಮಬ್ಬಣ್ಣ ದಪ್ಪ ಗಾಜಿನ ಮೂಲಕ ದಿಟ್ಟಿಸಿದ. ದೊಡ್ಡಮ್ಮ ನಿಧಾನವಾಗಿ ಪೊರಕೆ ಕೈಗೆ ತೆಗೆದುಕೊಂಡಳು.

"ಹೆಂಡತೀನ ಬಿಟ್ಟು ನೋಡಿದೆಯಾ? ಅವಳು ಬೆಳಿಗ್ಗೆ ನನ್ನ ಬಾಗಿಲಲ್ಲಿ ನಿಂತು, ದೊಡ್ಡಮ್ಮ, ಇವತ್ತು ಬೇಗ ಬರ್ತೀನಿ ಅಂತ ಎಷ್ಟು ಖುಷಿಯಲ್ಲಿ ಹೇಳಿದಳು ಗೊತ್ತಾ? ನೋಡು, ಟಿವಿ ಹಾಕೋ ಮೊದಲು ನೀನೇ ಒಪ್ಕೋಬೇಕು. ಇಲ್ಲಾಂದ್ರೆ ನಾನು ಹೇಳ್ತೀನಿ."

ಸಂಜೆ ಹೆಂಡತಿ ಬಂದಳು. ಮುಖದಲ್ಲಿ ದಣಿವಿತ್ತು, ಅದರ ಮೇಲೆ ಸಣ್ಣ ಸಂಭ್ರಮವೂ ಇತ್ತು. ಬಂದವಳೇ ಮೊಬೈಲನ್ನು ಮಗುಚಿಟ್ಟಳು. ಮಬ್ಬಣ್ಣ ಅವಳೆದುರು ಬಂದು ನಿಂತ. ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ, ದೊಡ್ಡಮ್ಮ ಬಾಗಿಲ ಪಕ್ಕದ ಕುರ್ಚಿಯಲ್ಲೇ ಕೂತಿದ್ದಳು. ಫ್ರೇಮಣ್ಣನೂ ಬಂದು ನೆಲದ ಮೇಲೆ ಕೂತಿದ್ದ.

"ನಾನು ನೋಡಿಬಿಟ್ಟೆ ಕಣೇ," ಎಂದ. "ಮಧ್ಯಾಹ್ನ, ಊಟದ ಹೊತ್ತಲ್ಲಿ. ಕೊನೇವರೆಗೂ."

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. "ಹೋಗಲಿ ಬಿಡಿ," ಎಂದಳು. "ಇಬ್ಬರದೂ ಅಂತ ಅದೊಂದು ಹೊತ್ತಿತ್ತು. ನನಗೆ ಅದು ದೊಡ್ಡದಾಗಿತ್ತು, ಅಷ್ಟೇ." ಒಳಗೆ ಹೋಗಿ ಮುಖ ತೊಳೆದು ಬಂದಳು. ನೀರು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಸುರಿದ ಸದ್ದು ಎಲ್ಲರಿಗೂ ಕೇಳಿಸಿತು.

ಬಂದು ಸೋಫಾದ ಈ ತುದಿಗೆ ಕೂತಳು. ಮಬ್ಬಣ್ಣ ಆ ತುದಿಯಲ್ಲಿದ್ದ. ನಡುವೆ ಒಬ್ಬರು ಕೂರುವಷ್ಟು ಜಾಗ ಖಾಲಿಯಿತ್ತು.

"ಎಲ್ಲರಿಗೂ ಗೊತ್ತಾದ ಮೇಲೆ ನನಗೊಬ್ಬಳಿಗೆ ಏನು ಗುಟ್ಟು? ಹೇಳಿ, ಏನಾಗುತ್ತೆ?"

ಅವನು ತಲೆ ತಗ್ಗಿಸಿ ಹೇಳಿದ. ಮೆತ್ತಗಿನ ಹಾಸಿಗೆ, ಹಾಲಿನಂಥ ನೀರು, ದಡದಲ್ಲಿ ಕೈ ಎತ್ತಿ ಬ್ರೇಕ್ ಎಂದು ಕೂಗುವ ಹೆಂಡತಿ, ಏನನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ಅವನ ದನಿ ತಾನಾಗಿ ಇಂಪಾಯಿತು. ಅವಳು ಪೂರ್ತಿ ಕೇಳಿ ರಿಮೋಟು ಎತ್ತಿದಳು.

ಕೊನೆಯ ಕಂತು ನಡೆಯಿತು. ಬಿರುಗಾಳಿ ಎದ್ದಿತು, ದೀಪ ಆರಿತು. ಕಾವಲುಗಾರ ಮೆಟ್ಟಿಲು ಹತ್ತಿದ. ಎಲ್ಲರೂ ಅವನು ಇಳಿಯುವುದನ್ನು ಕಾದರು. ಅವನು ಇಳಿಯಲಿಲ್ಲ. ಹೆಂಡತಿ ಹಿಂದೆಯೇ ಹತ್ತಿ ಬಂದಳು, ಇಬ್ಬರೂ ಸೇರಿ ದೀಪ ಸರಿಮಾಡಿದರು, ಒಂದೇ ಕಂಬಳಿ ಹೊದ್ದು ಬೆಳಗಾಗುವುದನ್ನು ನೋಡುತ್ತ ಕೂತರು. ಹೆಸರುಗಳು ಮೇಲೇರಿ ಹೋದವು. ಪರದೆ ಕಪ್ಪಾಯಿತು.

"ದೋಣಿ ಎಲ್ಲೋ?" ಎಂದಳು ದೊಡ್ಡಮ್ಮ.

"ದೋಣಿ ಬರಲೇ ಇಲ್ವಲ್ಲ," ಎಂದ ಫ್ರೇಮಣ್ಣ.

ಮಬ್ಬಣ್ಣನ ಬಾಯಿ ತೆರೆದಿತ್ತು. ತಲೆಯೊಳಗಿನ ಮಂಜು ಅಪರೂಪಕ್ಕೆ ಸರಿಯಿತು. ಊಟದ ಡಬ್ಬಿ, ನೀರು ತೊಟ್ಟಿಕ್ಕುವ ಸದ್ದು, ಗೋಡೆಯ ಮೇಲಿನ ಬೆಳಕಿನ ಬಳೆಗಳು... ಅವನು ನೋಡಲೇ ಇಲ್ಲ! ಮೊದಲ ದೃಶ್ಯಕ್ಕೇ ಕಣ್ಣು ಮುಚ್ಚಿತ್ತು. ಮೊಬೈಲು ತನ್ನಷ್ಟಕ್ಕೆ ತಾನು ಕೊನೆಯವರೆಗೆ ಓಡಿ, ನಿದ್ದೆ ಮಾಡುತ್ತಿದ್ದವನನ್ನು ನೋಡಿದವರ ಪಟ್ಟಿಗೆ ಸೇರಿಸಿತ್ತು.

ಸೋಫಾದಿಂದ ಹಾರಿಬಿದ್ದ. "ಏನೇ, ನಾನು ಆಣೆ ಮುರಿದಿಲ್ಲ ಕಣೇ! ನಿದ್ದೆ ಹೋಗಿದ್ದೆ! ಅದೆಲ್ಲ ಕನಸು, ನಾನು ಕಂಡ ಕನಸು!"

ಬಿಡುಗಡೆಯಾದ ಕೈದಿಯಂತೆ ಅವನು ಎಲ್ಲರ ಮುಖ ನೋಡಿದ. ಯಾರೂ ನಗಲಿಲ್ಲ. ಫ್ರೇಮಣ್ಣ ನೆಲ ನೋಡುತ್ತ ಚಪ್ಪಲಿ ಹುಡುಕಿದ. ದೊಡ್ಡಮ್ಮ, "ಒಲೆ ಮೇಲೆ ಹಾಲಿಟ್ಟು ಬಂದಿದ್ದೆ," ಎಂದು ಗೊಣಗಿ ಎದ್ದಳು. ಇಬ್ಬರೂ ಹೊರಗೆ ಹೋಗಿ, ತಾವು ಹೋಗುವಾಗ ಎಂದೂ ಮುಚ್ಚದ ಬಾಗಿಲನ್ನು ಮೆಲ್ಲಗೆ ಮುಚ್ಚಿಕೊಂಡರು.

ಹೆಂಡತಿ ಅವನ ಕಡೆ ಪೂರ್ತಿ ತಿರುಗಿ ಕೂತಳು.

"ಅಂದ್ರೆ ಆ ದೋಣಿ ಸೀರಿಯಲ್‌ನವರದಲ್ಲ."

"ಅಲ್ಲವೇ ಅಲ್ಲ!" ಎಂದ ಮಬ್ಬಣ್ಣ, ಇನ್ನೂ ಸಂತೋಷದಲ್ಲೇ.

"ನಿಮ್ಮದು."

"ನನ್ನದೇ!"

"ಹಾಗಾದ್ರೆ ಹೇಳಿ," ಎಂದಳು ಅವಳು. "ದಡದಲ್ಲಿ ನಿಂತು ನಾನು ಅಷ್ಟು ಕೂಗಿದರೂ ನೀವು ಯಾಕೆ ಒಂದು ಸಲ ತಿರುಗಿ ನೋಡಲಿಲ್ಲ?"